ವಿದೇಶದ ನೌಕರಿಗೆ ಜಾಮೀನು ನಿಲ್ಲುವವರು ಯಾರು?

(ಧಾರವಾಡದ ಕಾಲೇಜೊಂದರಲ್ಲಿ ಅಂತಿಮ ವರ್ಷದ ಎಂಜಿನಿಯರಿಂಗ್, ನರ್ಸಿಂಗ್ ಹಾಗೂ ಐಟಿಐ ವಿದ್ಯಾರ್ಥಿಗಳು ಮತ್ತು ಅವರ ಪಾಲಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಹಿರಿಯರೆ, ಪಾಲಕರೆ, ವಿದ್ಯಾರ್ಥಿ ಮಿತ್ರರೆ,

ವಿದೇಶದ ನೌಕರಿಯ ಕುರಿತು ನಮ್ಮ ಭಾಗದಲ್ಲಿ ನಡೆಯುವ ಮಾತುಕತೆಯೆಲ್ಲ ಹೋಗುವವನ ಕಡೆಯಿಂದಲೇ ಶುರುವಾಗುತ್ತದೆ. ಪಾಸ್‌ಪೋರ್ಟ್ ಆಗಿದೆಯೇ, ಯಾವ ಪರೀಕ್ಷೆ ಬರೆಯಬೇಕು, ಎಷ್ಟು ಹಣ ಹೊಂದಿಸಬೇಕು, ಯಾವ ಏಜೆಂಟನನ್ನು ಹಿಡಿಯಬೇಕು ಎಂಬ ಪ್ರಶ್ನೆಗಳಲ್ಲೇ ಅದು ಮುಗಿದುಹೋಗುತ್ತದೆ. ಇಂದು ನಾನು ಎದುರು ಬದಿಯಿಂದ ಮಾತನಾಡಲು ಬಯಸುತ್ತೇನೆ. ಪರದೇಶದ ಒಂದು ಕಂಪನಿ, ಒಂದು ಆಸ್ಪತ್ರೆ ಅಥವಾ ಒಬ್ಬ ಕಟ್ಟಡ ಗುತ್ತಿಗೆದಾರ ಹೊರಗಿನವರನ್ನು ಕೆಲಸಕ್ಕೆ ಕರೆಸಿಕೊಳ್ಳಬೇಕಾದರೆ ತನ್ನ ಸರಕಾರದ ಮುಂದೆ ಏನೇನು ಸಾಬೀತು ಮಾಡಬೇಕು, ಯಾವ ಮಾತು ಕೊಡಬೇಕು, ಯಾವ ಖರ್ಚನ್ನು ತಾನೇ ಭರಿಸಬೇಕು ಎಂಬುದು ಗೊತ್ತಿದ್ದರೆ, ಕೈಗೆ ಬಂದ ಆಫರ್ ಲೆಟರ್ ನಿಜವೋ ಸುಳ್ಳೋ ಎಂಬುದನ್ನು ನೀವೇ ಬಹುಮಟ್ಟಿಗೆ ತೂಗಿ ನೋಡಬಹುದು.

ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಹುಟ್ಟಿದ ನೆಲ ನಮ್ಮದು. ಸೊಸೈಟಿಯ ಸಾಲಕ್ಕೆ ಜಾಮೀನು ನಿಲ್ಲುವುದೆಂದರೇನು ಎಂಬುದನ್ನು ಇಲ್ಲಿ ಕುಳಿತ ಪಾಲಕರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಜಾಮೀನುದಾರ ಸಂಘಕ್ಕೆ ಮಾತು ಕೊಡುತ್ತಾನೆ, ಸಹಿ ಹಾಕುತ್ತಾನೆ, ಮಾತು ತಪ್ಪಿದರೆ ದಂಡ ತೆರುತ್ತಾನೆ. ವಿದೇಶಿ ಕೆಲಸಗಾರನಿಗೆ ಸ್ಪಾನ್ಸರ್ ಆಗುವ ಉದ್ಯೋಗದಾತನ ಸ್ಥಿತಿಯೂ ಹೆಚ್ಚುಕಡಿಮೆ ಅದೇ. ಆತನ ಕರಾರು ನಿಮ್ಮೊಂದಿಗೆ ಎಷ್ಟಿದೆಯೋ ಅದಕ್ಕಿಂತ ಹೆಚ್ಚಾಗಿ ತನ್ನ ದೇಶದ ಸರಕಾರದೊಂದಿಗೆ ಇರುತ್ತದೆ. ಕೆಲಸ ನಿಜವಾಗಿ ಇದೆ, ಇಂತಿಷ್ಟು ಸಂಬಳ ಕೊಡುತ್ತೇನೆ, ಸ್ಥಳೀಯರ ಕೂಲಿಯನ್ನು ಕೆಳಗೆ ಎಳೆಯಲು ಹೊರಗಿನವನನ್ನು ತರುತ್ತಿಲ್ಲ ಎಂಬ ಮೂರು ಮಾತುಗಳು ಬಹುತೇಕ ಎಲ್ಲ ದೇಶಗಳ ಕಾನೂನಿನಲ್ಲಿ ಒಂದಿಲ್ಲೊಂದು ರೂಪದಲ್ಲಿ ಇದ್ದೇ ಇರುತ್ತವೆ.

ಅಮೆರಿಕದಿಂದ ಆರಂಭಿಸೋಣ, ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕಿವಿಗೆ ಮೊದಲು ಬೀಳುವ ಹೆಸರು ಎಚ್-1ಬಿ, ಪದವಿ ಬೇಡುವ ನುರಿತ ಕೆಲಸಗಳಿಗೆ ಕೊಡುವ ವೀಸಾ. 1990ರ ವಲಸೆ ಕಾಯ್ದೆಯಿಂದ ಹುಟ್ಟಿದ ಈ ವೀಸಾಕ್ಕೆ ವರ್ಷಕ್ಕೆ 65,000ದ ಮಿತಿಯಿದೆ, ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000 ಸೇರುತ್ತವೆ. ಇದಕ್ಕೆ ಅಭ್ಯರ್ಥಿ ಸ್ವತಃ ಅರ್ಜಿ ಹಾಕುವಂತಿಲ್ಲ, ಹಾಕಬೇಕಾದದ್ದು ಕಂಪನಿ. ಮಾರ್ಚ್ ತಿಂಗಳಲ್ಲಿ ಕಂಪನಿ ಆನ್‌ಲೈನ್ ನೋಂದಣಿ ಮಾಡುತ್ತದೆ, ಅದಕ್ಕೆ 2025ರಿಂದ 215 ಡಾಲರ್ ಶುಲ್ಕವಿದೆ. ಮಿತಿಗಿಂತ ಹೆಚ್ಚು ನೋಂದಣಿಗಳು ಬಂದಾಗ ಚೀಟಿ ಎತ್ತುತ್ತಾರೆ. ಒಬ್ಬನ ಹೆಸರಿನಲ್ಲಿ ಹಲವು ಕಂಪನಿಗಳು ನೋಂದಾಯಿಸಿ ಅವಕಾಶ ಹೆಚ್ಚಿಸಿಕೊಳ್ಳುವ ಚಾಳಿಗೆ 2024ರಲ್ಲಿ ತಡೆ ಬಿತ್ತು. ಈಗ ಎಷ್ಟು ಕಂಪನಿಗಳು ಹೆಸರು ಕೊಟ್ಟರೂ ಒಂದು ಪಾಸ್‌ಪೋರ್ಟಿಗೆ ಒಂದೇ ಲೆಕ್ಕ. ಹೆಚ್ಚಿನ ವೇತನ ಮಟ್ಟದ ಹುದ್ದೆಗಳಿಗೆ ಹೆಚ್ಚಿನ ಅವಕಾಶ ಸಿಗುವಂತೆ ಚೀಟಿ ಎತ್ತುವ ಕ್ರಮವನ್ನೇ ಬದಲಿಸುವ ನಿಯಮವೂ ಬಂದಿದೆ. ಆಗಷ್ಟೇ ಓದು ಮುಗಿಸಿ ಕೆಳಗಿನ ವೇತನದಲ್ಲಿ ಸೇರುವವರಿಗೆ ಇದು ಕಷ್ಟದ ಸುದ್ದಿ.

ಚೀಟಿಯಲ್ಲಿ ಹೆಸರು ಬಂದ ನಂತರ ಕಂಪನಿಯ ನಿಜವಾದ ಹೊಣೆ ಶುರುವಾಗುತ್ತದೆ. ಅದು ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ ಎಂಬ ದಾಖಲೆಗೆ ಮಂಜೂರಾತಿ ಪಡೆಯಬೇಕು. ಅದೇ ಕೆಲಸ ಮಾಡುವ ತನ್ನ ಇತರ ನೌಕರರಿಗೆ ಕೊಡುವ ಸಂಬಳ ಮತ್ತು ಆ ಊರಿನಲ್ಲಿ ಆ ಕೆಲಸಕ್ಕೆ ಚಾಲ್ತಿಯಲ್ಲಿರುವ ಸಂಬಳ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಕೊಡುತ್ತೇನೆಂದು ಅಲ್ಲಿ ಬರೆದುಕೊಡಬೇಕು. ಆ ದಾಖಲೆಯ ನೋಟೀಸನ್ನು ಕೆಲಸದ ಸ್ಥಳದಲ್ಲಿ ತಿಳಿಯಪಡಿಸಬೇಕು, ಪ್ರತಿಯನ್ನು ಕೆಲಸಗಾರನ ಕೈಗೂ ಕೊಡಬೇಕು. ಇದೆಲ್ಲ ಆದಮೇಲೆ ವಲಸೆ ಇಲಾಖೆಗೆ ಐ-129 ಅರ್ಜಿ ಹೋಗುತ್ತದೆ, ಅದು ಮಂಜೂರಾದರೆ ಅಕ್ಟೋಬರ್ 1ರಿಂದ ಕೆಲಸ ಆರಂಭಿಸಬಹುದು. ಅವಧಿ ಮೊದಲು ಮೂರು ವರ್ಷ, ಒಟ್ಟು ಆರು ವರ್ಷ.

ಇಲ್ಲಿ ಎರಡು ವಿಷಯಗಳನ್ನು ನೀವು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮೊದಲನೆಯದು ಬೆಂಚ್ ಕುರಿತದ್ದು. ಪ್ರಾಜೆಕ್ಟ್ ಇಲ್ಲವೆಂದು ನೌಕರನನ್ನು ಸುಮ್ಮನೆ ಕೂರಿಸಿ ಸಂಬಳ ನಿಲ್ಲಿಸುವ ಕೆಲವು ಸಣ್ಣ ಕನ್ಸಲ್ಟೆನ್ಸಿಗಳ ಪದ್ಧತಿಯನ್ನು ಅಲ್ಲಿಯ ಕಾನೂನು ಒಪ್ಪುವುದಿಲ್ಲ. ಕೆಲಸ ಒದಗಿಸಲಾಗದ್ದು ಕಂಪನಿಯ ತೊಂದರೆಯಾದರೆ, ಆ ದಿನಗಳಿಗೂ ಅದು ಸಂಬಳ ಕೊಡಲೇಬೇಕು. ಎರಡನೆಯದು ಖರ್ಚು. ಅರ್ಜಿ ಸಲ್ಲಿಸುವ ವಕೀಲರ ಫೀ ಮತ್ತು ಕಂಪನಿಯ ಗಾತ್ರಕ್ಕೆ ತಕ್ಕಂತೆ 750 ಅಥವಾ 1,500 ಡಾಲರುಗಳ ತರಬೇತಿ ಶುಲ್ಕ ಉದ್ಯೋಗದಾತನ ಹೆಗಲಿಗೇ ಸೇರಿದವು. ಅವಧಿ ಮುಗಿಯುವ ಮೊದಲೇ ಕೆಲಸದಿಂದ ತೆಗೆದರೆ ಊರಿಗೆ ಮರಳುವ ಪ್ರಯಾಣದ ತಕ್ಕ ವೆಚ್ಚವನ್ನೂ ಕಂಪನಿಯೇ ಕೊಡಬೇಕು. 2025ರ ಸೆಪ್ಟೆಂಬರ್ 19ರ ಅಧ್ಯಕ್ಷರ ಘೋಷಣೆಯು ಅಮೆರಿಕದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರುಗಳ ಹೊರೆ ಹೇರಿತು. ಧಾರವಾಡದಲ್ಲಿ ಕುಳಿತ ಹೊಸ ಪದವೀಧರನಿಗಾಗಿ ಇಷ್ಟು ಹಣ ತೆರಲು ಮುಂದಾಗುವ ಕಂಪನಿಗಳು ಬೆರಳೆಣಿಕೆಯಷ್ಟೂ ಇರಲಾರವು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಈ ಹೊತ್ತಿನಲ್ಲಿ ಯಾರಾದರೂ ಬಂದು ನೇರವಾಗಿ ಇಲ್ಲಿಂದಲೇ ಎಚ್-1ಬಿ ಮಾಡಿಸಿಕೊಡುತ್ತೇನೆ ಎಂದರೆ, ಆ ಹಣವನ್ನು ಕಟ್ಟುವವರು ಯಾರು ಎಂದು ಕೇಳಿರಿ.

ಇದರ ಪಕ್ಕದಲ್ಲೇ ಎಲ್-1 ಎಂಬ ದಾರಿಯಿದೆ. ಕಂಪನಿಯ ಭಾರತದ ಶಾಖೆಯಲ್ಲಿ ಕಳೆದ ಮೂರು ವರ್ಷಗಳಲ್ಲಿ ಕನಿಷ್ಠ ಒಂದು ವರ್ಷ ಸತತವಾಗಿ ದುಡಿದವರನ್ನು ಅದೇ ಕಂಪನಿ ಅಮೆರಿಕದ ಕಚೇರಿಗೆ ವರ್ಗಾಯಿಸಿಕೊಳ್ಳಬಹುದು, ಇದಕ್ಕೆ ಚೀಟಿಯೂ ಇಲ್ಲ, ವಾರ್ಷಿಕ ಮಿತಿಯೂ ಇಲ್ಲ.

ಕಾಯಂ ವಾಸದ ಹಕ್ಕು ಕೊಡುವ ಹಸಿರು ಕಾರ್ಡಿನ ಸ್ಪಾನ್ಸರ್‌ಶಿಪ್ ಬೇರೆಯೇ ಸಂಗತಿ. ಅಲ್ಲಿ ಕಂಪನಿ 2005ರಿಂದ ಜಾರಿಯಲ್ಲಿರುವ ಪರ್ಮ್ ಎಂಬ ವಿಧಾನದಲ್ಲಿ ಸ್ಥಳೀಯ ಕಾರ್ಮಿಕ ಮಾರುಕಟ್ಟೆಯನ್ನು ಪರೀಕ್ಷಿಸಿ ತೋರಿಸಬೇಕು. ಎರಡು ಭಾನುವಾರಗಳ ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು, ರಾಜ್ಯದ ಉದ್ಯೋಗ ಸಂಸ್ಥೆಯಲ್ಲಿ 30 ದಿನ ಹುದ್ದೆಯನ್ನು ಪ್ರಕಟಿಸಬೇಕು, ಪದವಿ ಬೇಡುವ ಹುದ್ದೆಯಾದರೆ ಮತ್ತೆ ಮೂರು ಬಗೆಯ ಪ್ರಚಾರ ಮಾಡಬೇಕು. ಅರ್ಹ ಅಮೆರಿಕನ್ನರು ಸಿಗಲಿಲ್ಲವೆಂದು ದಾಖಲೆಯಿಂದ ತೋರಿಸಿದ ಮೇಲಷ್ಟೇ ನೌಕರನ ಪರವಾಗಿ ಐ-140 ಅರ್ಜಿ ಹಾಕುವ ಹಂತ ಬರುತ್ತದೆ. 2007ರ ಜುಲೈನಿಂದ ಪರ್ಮ್ ಹಂತದ ಖರ್ಚನ್ನು ನೌಕರನಿಂದ ವಸೂಲು ಮಾಡುವುದು ನಿಷಿದ್ಧ. ಇಷ್ಟೆಲ್ಲ ಆದರೂ ಸರದಿ ಬರಬೇಕಲ್ಲ! ಉದ್ಯೋಗ ಆಧಾರಿತ ಹಸಿರು ಕಾರ್ಡುಗಳು ವರ್ಷಕ್ಕೆ ಸುಮಾರು 1,40,000. ಅದರಲ್ಲಿ ಒಂದು ದೇಶಕ್ಕೆ ಶೇಕಡಾ 7ರ ಮಿತಿ. 2025ರ ಕೊನೆಯಲ್ಲಿ ಇಬಿ-2 (ಉನ್ನತ ಪದವಿಯವರು) ಮತ್ತು ಇಬಿ-3 (ಪದವೀಧರರು, ನುರಿತ ಕೆಲಸಗಾರರು) ವರ್ಗಗಳಲ್ಲಿ ಭಾರತೀಯರ ಸರದಿ ಬಂದು ನಿಂತಿದ್ದದ್ದು 2013ರಲ್ಲಿ ಅರ್ಜಿ ಹಾಕಿದವರ ಬಳಿ. ನರ್ಸುಗಳಿಗೆ ಮತ್ತು ಫಿಸಿಯೋಥೆರಪಿಸ್ಟರಿಗೆ ಜಾಹೀರಾತಿನ ಪರೀಕ್ಷೆಯಿಂದ ವಿನಾಯಿತಿಯಿದೆ, ಏಕೆಂದರೆ ಆ ವೃತ್ತಿಗಳಲ್ಲಿ ಕೊರತೆಯಿದೆಯೆಂದು ಸರಕಾರವೇ ಒಪ್ಪಿಕೊಂಡಿದೆ. ಆದರೆ ಸರದಿಯಿಂದ ಅವರಿಗೂ ವಿನಾಯಿತಿಯಿಲ್ಲ. ನರ್ಸಿಂಗ್ ಓದುತ್ತಿರುವವರು ಅಮೆರಿಕದ ಪರೀಕ್ಷೆ ಪಾಸಾದರೆ ಸಾಕು, ವರ್ಷದೊಳಗೆ ವಿಮಾನ ಏರುತ್ತೇವೆ ಎಂದು ಲೆಕ್ಕ ಹಾಕಬಾರದು.

ಬ್ರಿಟನ್ನಿನ ವ್ಯವಸ್ಥೆ ಇದಕ್ಕಿಂತ ಸರಳವಾಗಿ ಕಾಣುತ್ತದೆ. ಅಲ್ಲಿ ಹೊರದೇಶದವರನ್ನು ಕರೆಸಬೇಕೆಂದಿರುವ ಸಂಸ್ಥೆ ಮೊದಲು ಸ್ಪಾನ್ಸರ್ ಲೈಸೆನ್ಸ್ ಪಡೆಯಬೇಕು. ಆಮೇಲೆ ಪ್ರತಿ ಕೆಲಸಗಾರನ ಹೆಸರಿನಲ್ಲಿ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ ಕೊಡಬೇಕು. ಅದರ ಸಂಖ್ಯೆ ಹಿಡಿದು ನೌಕರ ವೀಸಾಕ್ಕೆ ಅರ್ಜಿ ಹಾಕುತ್ತಾನೆ. ಲೈಸೆನ್ಸ್ ಪಡೆದ ಸಂಸ್ಥೆಗಳ ಪಟ್ಟಿಯನ್ನು ಅಲ್ಲಿಯ ಸರಕಾರ ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ಆಫರ್ ಲೆಟರಿನ ಮೇಲಿರುವ ಹೆಸರು ಆ ಪಟ್ಟಿಯಲ್ಲಿ ಇಲ್ಲವಾದರೆ ಮುಂದಿನ ಮಾತೇ ಇಲ್ಲ. ಇಷ್ಟನ್ನು ಮೊಬೈಲಿನಲ್ಲೇ ಐದು ನಿಮಿಷದಲ್ಲಿ ನೋಡಬಹುದು. ಸ್ಕಿಲ್ಡ್ ವರ್ಕರ್ ವೀಸಾದ ಸಾಮಾನ್ಯ ವೇತನ ಮಿತಿ 2024ರ ಏಪ್ರಿಲಿನಲ್ಲಿ 38,700 ಪೌಂಡಿಗೆ, 2025ರ ಜುಲೈ 22ರಿಂದ 41,700 ಪೌಂಡಿಗೆ ಏರಿತು. ಅದೇ ದಿನದಿಂದ ವೃದ್ಧರ ಆರೈಕೆಯ ಕೆಲಸಕ್ಕೆ ಹೊರದೇಶದಿಂದ ಹೊಸದಾಗಿ ಜನರನ್ನು ಕರೆಸುವುದನ್ನು ನಿಲ್ಲಿಸಲಾಯಿತು. ಅದಕ್ಕೆ ಕಾರಣ ಕಹಿಯಾದದ್ದು. ಇಲ್ಲದ ಕೆಲಸಕ್ಕೆ ಸರ್ಟಿಫಿಕೇಟ್ ಮಾರಿಕೊಂಡ, ಕರೆಸಿಕೊಂಡು ಕೆಲಸ ಕೊಡದ ಆರೈಕೆ ಸಂಸ್ಥೆಗಳು ಹೆಚ್ಚಾಗಿ, 2022ರ ಜುಲೈನಿಂದ 2024ರ ಡಿಸೆಂಬರ್‌ವರೆಗೆ ಈ ಕ್ಷೇತ್ರದ 470ಕ್ಕೂ ಹೆಚ್ಚು ಲೈಸೆನ್ಸುಗಳನ್ನು ಸರಕಾರ ರದ್ದು ಮಾಡಿತು. ಲೈಸೆನ್ಸ್ ರದ್ದಾದಾಗ ತಪ್ಪು ಮಾಡಿದವನು ಉದ್ಯೋಗದಾತ, ಆದರೆ ಸಾಮಾನ್ಯವಾಗಿ 60 ದಿನಗಳಲ್ಲಿ ಬೇರೆ ಸ್ಪಾನ್ಸರನನ್ನು ಹುಡುಕಿಕೊಳ್ಳಬೇಕಾದವನು ನೌಕರ. ಇಡೀ ಸ್ಪಾನ್ಸರ್‌ಶಿಪ್ ಪದ್ಧತಿಯ ದೊಡ್ಡ ದೋಷ ಇದೇ ಎಂದು ನಾನು ತಿಳಿದಿದ್ದೇನೆ: ಜಾಮೀನುದಾರ ಮುಳುಗಿದರೆ ಅವನ ಜೊತೆ ಇವನೂ ಮುಳುಗುತ್ತಾನೆ.

ಬ್ರಿಟನ್ನಿನಲ್ಲಿ ಲೈಸೆನ್ಸಿನ ಶುಲ್ಕ, ಸರ್ಟಿಫಿಕೇಟಿನ ಶುಲ್ಕ ಮತ್ತು ಇಮಿಗ್ರೇಶನ್ ಸ್ಕಿಲ್ಸ್ ಚಾರ್ಜ್ ಎಂಬ ತೆರಿಗೆಯನ್ನು ಉದ್ಯೋಗದಾತ ನೌಕರನ ಮೇಲೆ ಹೊರಿಸುವಂತಿಲ್ಲ. ವೀಸಾ ಶುಲ್ಕ ಮತ್ತು ವರ್ಷಕ್ಕೆ 1,035 ಪೌಂಡಿನ ಆರೋಗ್ಯ ಸರ್ಚಾರ್ಜ್ ಮಾತ್ರ ನೌಕರನ ಪಾಲಿಗೆ ಬರುತ್ತವೆ, ಉದಾರಿಯಾದ ಕಂಪನಿಗಳು ಅದನ್ನೂ ಕೊಡುವುದುಂಟು. ಆಸ್ಪತ್ರೆಗಳಿಗೆ ಹೋಗುವ ನರ್ಸುಗಳ ಹೆಲ್ತ್ ಆ್ಯಂಡ್ ಕೇರ್ ವೀಸಾಕ್ಕೆ ಆ ಸರ್ಚಾರ್ಜ್ ಇಲ್ಲವೇ ಇಲ್ಲ.

ಕೆನಡಾ ಮತ್ತು ಆಸ್ಟ್ರೇಲಿಯಾಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕೆನಡಾದಲ್ಲಿ ಉದ್ಯೋಗದಾತ ಎಲ್‌ಎಂಐಎ ಎಂಬ, ಹೊರಗಿನವರನ್ನು ನೇಮಿಸಿಕೊಳ್ಳುವ ಅನುಮತಿ ಪಡೆಯಬೇಕು, ಅದಕ್ಕೆ ಪ್ರತಿ ಹುದ್ದೆಗೆ 1,000 ಕೆನಡಾ ಡಾಲರ್ ಕಟ್ಟಬೇಕು, ಅದನ್ನು ಕೆಲಸಗಾರನಿಂದ ಮರಳಿ ಪಡೆಯಬಾರದು. ನೌಕರಿಯ ಆಫರ್ ಇದ್ದವರಿಗೆ ಅಲ್ಲಿಯ ಕಾಯಂ ವಾಸದ ಆಯ್ಕೆಯಲ್ಲಿ ಸಿಗುತ್ತಿದ್ದ ಹೆಚ್ಚುವರಿ ಅಂಕಗಳನ್ನು 2025ರ ಮಾರ್ಚ್ 25ರಂದು ತೆಗೆದುಹಾಕಿದರು. ಆ ಅಂಕಗಳ ಆಸೆಗೆ ಎಲ್‌ಎಂಐಎ ಪತ್ರಗಳೇ ಮಾರಾಟದ ಸರಕಾಗಿದ್ದವು. ಆಸ್ಟ್ರೇಲಿಯಾದಲ್ಲಿ ಸಂಸ್ಥೆಗೆ ಸ್ಪಾನ್ಸರ್ ಎಂದು ಮಾನ್ಯತೆ, ಹುದ್ದೆಯ ನಾಮನಿರ್ದೇಶನ, ನೌಕರನ ವೀಸಾ ಎಂದು ಮೂರು ಹಂತಗಳಿವೆ. 2024ರ ಡಿಸೆಂಬರಿನಿಂದ 482 ಸಂಖ್ಯೆಯ ಈ ವೀಸಾಕ್ಕೆ ಸ್ಕಿಲ್ಸ್ ಇನ್ ಡಿಮ್ಯಾಂಡ್ ಎಂದು ಹೆಸರು. ವೀಸಾ ಕೊಡಿಸಿದ್ದಕ್ಕೆ ಪ್ರತಿಫಲವಾಗಿ ಹಣ ಕೇಳುವುದನ್ನೂ ಕೊಡುವುದನ್ನೂ ಆ ದೇಶ 2015ರಿಂದ ನಿಷೇಧಿಸಿದೆ ಎಂಬುದನ್ನು ಗಮನಿಸಿರಿ. ಕೊಟ್ಟವನೂ ಅಲ್ಲಿ ಸಿಕ್ಕಿಬೀಳುತ್ತಾನೆ. ಒಳ್ಳೆಯ ಅಂಶವೆಂದರೆ, ಕೆಲಸ ಹೋದರೆ ಹೊಸ ಸ್ಪಾನ್ಸರನನ್ನು ಹುಡುಕಲು ಒಮ್ಮೆಗೆ 180 ದಿನಗಳ ಅವಕಾಶವನ್ನು 2024ರ ಜುಲೈನಿಂದ ಕೊಟ್ಟಿದ್ದಾರೆ.

ಜರ್ಮನಿಯಲ್ಲಿ ಸ್ಪಾನ್ಸರ್ ಲೈಸೆನ್ಸ್ ಎಂಬುದೇ ಇಲ್ಲ. ಅಲ್ಲಿ ಭಾರ ಬೀಳುವುದು ಅಭ್ಯರ್ಥಿಯ ವಿದ್ಯಾರ್ಹತೆಗೆ ಜರ್ಮನ್ ಮಾನ್ಯತೆ ಪಡೆಯುವುದರ ಮೇಲೆ ಮತ್ತು ಭಾಷೆಯ ಮೇಲೆ. ಉದ್ಯೋಗದಾತ ಕರಾರು ಪತ್ರ ಮತ್ತು ಕೆಲಸದ ವಿವರಗಳ ಘೋಷಣೆಯನ್ನು ಕೊಡುತ್ತಾನೆ, ಸಂಬಳ ಸ್ಥಳೀಯರಿಗೆ ಸಮನಾಗಿದೆಯೇ ಎಂದು ಕೇಂದ್ರೀಯ ಉದ್ಯೋಗ ಸಂಸ್ಥೆ ನೋಡುತ್ತದೆ. ಅವಸರವಿರುವ ಉದ್ಯೋಗದಾತ 411 ಯೂರೋ ಕಟ್ಟಿ ತನ್ನ ಊರಿನ ವಿದೇಶಿಯರ ಕಚೇರಿಯಲ್ಲಿ ತ್ವರಿತ ವಿಧಾನಕ್ಕೆ ಅರ್ಜಿ ಹಾಕಬಹುದು. ನುರಿತ ಭಾರತೀಯರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಆ ಸರಕಾರ 2024ರ ಅಕ್ಟೋಬರಿನಲ್ಲಿ ಹೇಳಿತು. ನಮ್ಮ ನರ್ಸಿಂಗ್ ಮತ್ತು ಐಟಿಐ ವಿದ್ಯಾರ್ಥಿಗಳು ಎರಡನೆಯ ವರ್ಷದಲ್ಲೇ ಜರ್ಮನ್ ಕಲಿಯಲು ತೊಡಗಿದರೆ ಅದು ಏಜೆಂಟನಿಗೆ ಕೊಡುವ ಹಣಕ್ಕಿಂತ ಹೆಚ್ಚು ಫಲ ಕೊಟ್ಟೀತು.

ಇನ್ನು ಕೊಲ್ಲಿ ದೇಶಗಳು. ವೆಲ್ಡರ್, ಫಿಟ್ಟರ್, ಎಲೆಕ್ಟ್ರಿಷಿಯನ್, ಚಾಲಕ ಎಂದು ನಮ್ಮ ಜಿಲ್ಲೆಗಳಿಂದ ಹೋಗುವವರಲ್ಲಿ ಬಹಳಷ್ಟು ಮಂದಿಯ ದಾರಿ ಇದು, ಮೋಸವೂ ಇಲ್ಲಿಯೇ ಹೆಚ್ಚು. ಅಲ್ಲಿಯ ಕಫಾಲಾ ಪದ್ಧತಿಯಲ್ಲಿ ನೌಕರನ ವಾಸದ ಪರವಾನಗಿ ಕಫೀಲ ಎನಿಸಿದ ಉದ್ಯೋಗದಾತನಿಗೆ ಕಟ್ಟಿಹಾಕಿದಂತಿತ್ತು; ಆತ ಒಪ್ಪದೆ ಕೆಲಸ ಬದಲಿಸುವಂತಿರಲಿಲ್ಲ, ಕೆಲವು ಕಡೆ ದೇಶ ಬಿಡುವಂತೆಯೂ ಇರಲಿಲ್ಲ. ಕತಾರ್ 2020ರಲ್ಲಿ, ಸೌದಿ ಅರೇಬಿಯಾ 2021ರ ಮಾರ್ಚಿನಲ್ಲಿ ಇದನ್ನು ಸಡಿಲಿಸಿದವು. ಮನೆಗೆಲಸದವರಿಗೆ ಮತ್ತು ಮನೆಗಳ ಖಾಸಗಿ ಚಾಲಕರಿಗೆ ಸೌದಿಯ ಆ ಸುಧಾರಣೆ ತಲುಪಲಿಲ್ಲ. ಸೌದಿಯ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚು, ಇಕಾಮಾ (ವಾಸದ ಪರವಾನಗಿ) ಮತ್ತು ಕೆಲಸದ ಪರವಾನಗಿಯ ಶುಲ್ಕ, ಕರಾರು ಮುಗಿದ ಮೇಲಿನ ಮರಳಿ ಟಿಕೆಟ್ ಎಲ್ಲವೂ ಉದ್ಯೋಗದಾತನವು. ಅರಬ್ ಸಂಯುಕ್ತ ಸಂಸ್ಥಾನದ 2021ರ ಕಾರ್ಮಿಕ ಕಾನೂನೂ ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡಬಾರದೆನ್ನುತ್ತದೆ.

ಈ ದಾರಿಯಲ್ಲಿ ನಮ್ಮ ದೇಶದ ಕಾನೂನೂ ಒಂದು ಗೇಟು ಇಟ್ಟಿದೆ. 1983ರ ವಲಸೆ ಕಾಯ್ದೆಯಂತೆ, ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆ ಅನುಮತಿ ಬೇಕು ಎಂಬ ಗುರುತಿರುತ್ತದೆ. ಅವರು ಕೊಲ್ಲಿ ದೇಶಗಳು, ಮಲೇಷ್ಯಾ, ಥಾಯ್ಲೆಂಡ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಇದು ಕೇಂದ್ರ ಸರಕಾರದ ಇ-ಮೈಗ್ರೇಟ್ ಪೋರ್ಟಲಿನ ಮೂಲಕ ನಡೆಯುತ್ತದೆ. ವಿದೇಶದ ಉದ್ಯೋಗದಾತ ಅಲ್ಲಿ ನೋಂದಾಯಿಸಿ, ಎಷ್ಟು ಜನ ಬೇಕು, ಯಾವ ಕೆಲಸಕ್ಕೆ, ಯಾವ ಸಂಬಳಕ್ಕೆ ಎಂದು ಬೇಡಿಕೆ ಸಲ್ಲಿಸುತ್ತಾನೆ. ನೋಂದಾಯಿತ ನೇಮಕಾತಿ ಏಜೆಂಟ ಆ ಬೇಡಿಕೆಯ ಮೇಲೆ ಜನರನ್ನು ಆಯುತ್ತಾನೆ. ಏಜೆಂಟ ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿಯಿದೆ, ಅದಕ್ಕೆ ರಸೀದಿಯನ್ನೂ ಕೊಡಬೇಕು. ಹೊರಡುವವರಿಗೆ ಎರಡು ವರ್ಷಕ್ಕೆ ಕೇವಲ 275 ರೂಪಾಯಿ ಕಂತಿನಲ್ಲಿ 10 ಲಕ್ಷ ರೂಪಾಯಿಗಳ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ರಕ್ಷಣೆ ಸಿಗುತ್ತದೆ. ಟೂರಿಸ್ಟ್ ವೀಸಾದ ಮೇಲೆ ಹೋಗು, ಅಲ್ಲಿ ಬದಲಿಸಿಕೊಡುತ್ತೇವೆ ಎನ್ನುವವನ ಮಾತು ಕೇಳಿದರೆ ಈ ಗೇಟನ್ನು ದಾಟದೆಯೇ ಹೋದಂತಾಗುತ್ತದೆ. ವಿಮೆಯಿಲ್ಲ, ಕರಾರಿಲ್ಲ, ಹೋದ ದಾಖಲೆಯೇ ಇಲ್ಲ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ನಂಬಿ ಹೊರಟ ಭಾರತೀಯರು ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆಯ ಅಡ್ಡೆಗಳಲ್ಲಿ ಸೆರೆಯಾದದ್ದು ಇಂಥ ದಾರಿಯಿಂದಲೇ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಹಾವೇರಿ ಕಡೆಯ ಒಬ್ಬ ಪಾಲಕರು ಎದ್ದು ನಿಂತು, “ಸರ್, ನಮ್ಮ ಹುಡುಗಗ ದುಬೈದಾಗ ಫಿಟ್ಟರ್ ಕೆಲಸ ಐತಿ, ಪಗಾರ ಚಲೋ ಐತಿ ಅಂತ ಏಜೆಂಟ ಹೇಳಾಕತ್ತಾನ. ಎರಡು ಲಕ್ಷ ಕೇಳ್ಯಾನ. ಹೊಲ ಒತ್ತಿ ಇಟ್ಟರ ಹೊಂದತೈತಿ. ಕೊಡಬೇಕೇನ್ರಿ?” ಎಂದು ಕೇಳಿದರು. ನಾನು ಅವರಿಗೆ, “ಕಾಕಾ, ಹೊಲ ಒತ್ತಿ ಇಡಬ್ಯಾಡ್ರಿ. ಮೊದಲು ಏಜೆಂಟನ ನೋಂದಣಿ ನಂಬರ ಕೇಳ್ರಿ, ಅದು ಇ-ಮೈಗ್ರೇಟ್ ಪೋರ್ಟಲಿನಾಗ ಐತೇನು ನೋಡ್ರಿ. ಆಮ್ಯಾಲೆ ಎರಡು ಲಕ್ಷಕ್ಕ ಜಿಎಸ್‌ಟಿ ರಸೀದಿ ಕೊಡು ಅನ್ರಿ” ಎಂದೆ. ಅಷ್ಟು ದೊಡ್ಡ ಮೊತ್ತಕ್ಕೆ ಸೇವಾ ಶುಲ್ಕವೆಂದು ರಸೀದಿ ಬರೆದರೆ ಏಜೆಂಟ ತನ್ನ ತಪ್ಪಿಗೆ ತಾನೇ ಸಹಿ ಹಾಕಿದಂತೆ, ಆದ್ದರಿಂದ ಅವನು ಬರೆಯಲಾರ. ಹುಡುಗ ಹತ್ತನೆಯ ತರಗತಿ ಪಾಸಾಗಿರುವುದರಿಂದ ಅವನಿಗೆ ಅನುಮತಿಯ ಕಡ್ಡಾಯವಿಲ್ಲವಾದರೂ, ನೋಂದಾಯಿತ ಏಜೆಂಟನ ಮೂಲಕವೇ, ಕರಾರಿನ ಪ್ರತಿ ಮನೆಯಲ್ಲಿ ಇಟ್ಟುಕೊಂಡೇ ಹೋಗಬೇಕೆಂದು ಸೂಚಿಸಿದೆ. ಅಲ್ಲಿ ಮಾಲೀಕ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ ಅಥವಾ ಸಂಬಳ ನಿಲ್ಲಿಸಿದರೆ, ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲಿನಲ್ಲಿ ಊರಿನಿಂದ ಮನೆಯವರೇ ದೂರು ದಾಖಲಿಸಬಹುದು.

ಎರಡನೆಯ ಪ್ರಶ್ನೆ ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ಘಟಕ ನಡೆಸುವ ಉದ್ಯಮಿಯೊಬ್ಬರದು. ಎಲ್ಲರೂ ಹೊರಗೆ ಹೋಗುವ ಮಾತಾಡುತ್ತೀರಿ, ಹೊರಗಿನ ಡಿಸೈನ್ ಎಂಜಿನಿಯರನನ್ನು ನಾನು ತಿಂಗಳಿಗೆ 80,000 ರೂಪಾಯಿ ಸಂಬಳದ ಮೇಲೆ ಇಲ್ಲಿಗೆ ಕರೆಸಬಹುದೇ ಎಂದು ಅವರು ಕೇಳಿದರು. ಒಳ್ಳೆಯ ಪ್ರಶ್ನೆ, ಏಕೆಂದರೆ ಅಲ್ಲಿಯ ಮಾಲೀಕ ನಿಂತಿರುವ ಜಾಗದಲ್ಲಿ ಇಲ್ಲಿ ಅವರು ನಿಂತಿದ್ದಾರೆ. ಭಾರತದ ಎಂಪ್ಲಾಯ್‌ಮೆಂಟ್ ವೀಸಾ ನುರಿತ ಅಥವಾ ಉನ್ನತ ಹುದ್ದೆಗಳಿಗೆ ಮಾತ್ರ. ಅರ್ಹ ಭಾರತೀಯರು ಸಿಗುವ ಕೆಲಸಕ್ಕೆ, ಗುಮಾಸ್ತಿಕೆಯಂಥ ಸಾಮಾನ್ಯ ಕೆಲಸಕ್ಕೆ ಅದು ಸಿಗುವುದಿಲ್ಲ. ವಾರ್ಷಿಕ ಸಂಬಳ ಕನಿಷ್ಠ 16.25 ಲಕ್ಷ ರೂಪಾಯಿ ಇರಬೇಕು. ತಮ್ಮ ದೇಶದ ಅಡುಗೆ ಮಾಡುವ ಬಾಣಸಿಗರು, ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ಶಿಕ್ಷಕರು ಮತ್ತು ಅನುವಾದಕರಂಥ ಕೆಲವರಿಗಷ್ಟೇ ಈ ಮಿತಿಯಿಂದ ವಿನಾಯಿತಿಯಿದೆ. ತಿಂಗಳಿಗೆ 80,000 ಎಂದರೆ ವರ್ಷಕ್ಕೆ 9.6 ಲಕ್ಷವಾಗುತ್ತದೆ, ಆ ಅರ್ಜಿ ನಿಲ್ಲುವುದಿಲ್ಲ. ಸಂಬಳವನ್ನು ತಿಂಗಳಿಗೆ 1.36 ಲಕ್ಷದ ಸುತ್ತ ತಂದು, ಕರಾರು ಪತ್ರ ಕಳಿಸಿಕೊಟ್ಟರೆ, ಆ ಎಂಜಿನಿಯರ್ ತನ್ನ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಯಲ್ಲಿ ವೀಸಾಕ್ಕೆ ಅರ್ಜಿ ಹಾಕಬಹುದು. ವೀಸಾ 180 ದಿನಗಳಿಗಿಂತ ಹೆಚ್ಚಿನ ಅವಧಿಯದಾದರೆ, ಇಲ್ಲಿಗೆ ಬಂದ 14 ದಿನಗಳೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು, ಆ ಎಂಜಿನಿಯರ್ ಅದನ್ನು ಮರೆಯದಂತೆ ನೋಡಿಕೊಳ್ಳುವ ಕೆಲಸ ಘಟಕದ ಮಾಲೀಕರಿಗೇ ಬೀಳುತ್ತದೆ.